ಹಾಸು ಕೆಚ್ಚುವವರ ಮೇಲ್ ಡಬ್ಬಿ

ಗಜೇಂದ್ರಗಡದ ಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೊಸಬರು ಬಾಗಿಲಲ್ಲಿ ನಿಂತು ಮೊದಲು ಕೇಳುವುದು, "ಮಾಲಕರು ಇಲ್ಲೇನ್ರಿ?" ಎಂದು. ನಾನೇ ಎಂದರೆ ನನ್ನ ಹೆಗಲ ಮೇಲಿಂದ ಇಣುಕಿ ಒಳಗೆ ಇನ್ನೊಮ್ಮೆ ಹುಡುಕುತ್ತಾರೆ. ಮೊದಮೊದಲು ಸಮಾಧಾನದಿಂದ ತಿಳಿಸಿ ಹೇಳುತ್ತಿದ್ದೆ. ಈಗ "ಮಾಲಕರು ಕಪಾಟಿನ್ಯಾಗ ಕುಂತಾರ, ನೀವು ಪ್ರಿಂಟರ್ ಅಷ್ಟ ಇಲ್ಲಿ ಇಡ್ರಿ" ಅನ್ನುತ್ತೇನೆ. ನನ್ನ ತವರು ನರಗುಂದ. ಆ ಊರಿನ ನೀರು ಕುಡಿದವರಿಗೆ ಬಾಗುವ ಅಭ್ಯಾಸ ಕಡಿಮೆ ಎಂದು ಚಿಗವ್ವ ಹೇಳುತ್ತಾಳೆ. ಅವಳೂ ಅದೇ ನೀರು ಕುಡಿದವಳು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಗಜೇಂದ್ರಗಡದ ನೇಕಾರರ ಮನೆಗೆ ಸೊಸೆಯಾಗಿ ಬಂದು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು ಇವತ್ತಿಗೂ ಎದ್ದಿಲ್ಲ. ಅವಳ ಓಣಿಯ ಹೆಂಗಸರು ಪಟ್ಟೇದಂಚಿನ ಸೀರೆ ನೇಯುತ್ತಾರೆ. ಅವರದೊಂದು ಸಂಘವಿದೆ, ಚಿಗವ್ವ ಅದರ ಮುಂದಾಳು. ಈ ಸಂಘ, ಅಬ್ಬಿಗೇರಿಯ ಶೇಂಗಾ ಎಣ್ಣೆಯವರ ಸಂಘ, ಜಕ್ಕಲಿಯ ರೊಟ್ಟಿಯವರ ಸಂಘ, ಕೊಣ್ಣೂರಿನವರದೊಂದು, ಎಲ್ಲ ಸೇರಿ ರೋಣದಲ್ಲಿ ಒಂದು ಒಕ್ಕೂಟ. ಒಕ್ಕೂಟಕ್ಕೆ ತನ್ನದೇ ಮೇಲ್ ಸರ್ವರ್ ಇತ್ತು. ಅದು ಕೆಟ್ಟಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು.

ಚಿಗವ್ವನ ಸಂಘಕ್ಕೆ ಸ್ವಂತ ಮೇಲ್ ಡಬ್ಬಿ ಸುಮ್ಮನೆ ಸಿಕ್ಕದ್ದಲ್ಲ. ಮೊದಲು ಎಲ್ಲರ ಪತ್ರಗಳೂ ಒಕ್ಕೂಟದ ಒಂದೇ ಡಬ್ಬಿಗೆ ಬರುತ್ತಿದ್ದವು. ಒಮ್ಮೆ ಯಾವುದೋ ಊರಿನ ಪ್ರದರ್ಶನಕ್ಕೆ ಇವರನ್ನು ಕರೆದಿದ್ದರು. ಒಕ್ಕೂಟದ ಕಾರ್ಯದರ್ಶಿ ಇವರನ್ನು ಒಂದು ಮಾತೂ ಕೇಳದೆ, "ಅವರಿಗೆ ಅಷ್ಟು ದೂರ ಬರಲು ಆಗುವುದಿಲ್ಲ" ಎಂದು ಉತ್ತರ ಬರೆದು ಕೈತೊಳೆದುಕೊಂಡಿದ್ದರು. ಪ್ರದರ್ಶನ ಮುಗಿದ ಮೇಲೆ ಅದು ಇವಳ ಕಿವಿಗೆ ಬಿತ್ತು. ಚಿಗವ್ವ ಮರುದಿನ ಬಸ್ಸು ಹತ್ತಿ ರೋಣಕ್ಕೆ ಹೋಗಿ, ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಡಬ್ಬಿ ಕೊಡುವವರೆಗೂ ಏಳಲಿಲ್ಲ. ಅವಳು ಕೂತೇ ಇದ್ದಳು, ನಾನು ಪಕ್ಕದಲ್ಲಿ ಡಬ್ಬಿ ಮಾಡಿಕೊಟ್ಟೆ.

ಕಾರ್ಯದರ್ಶಿಗಳು ಕೆಟ್ಟವರಲ್ಲ. ನರಗುಂದದವರೇ, ನನ್ನ ಅಪ್ಪನ ಜೊತೆ ಸಾಲಿ ಕಲಿತವರು. ನಾನು ಅವರಿಗೆ ಕಾಕಾ ಅನ್ನುತ್ತೇನೆ. ಎಲ್ಲರ ಬಾಯಿಗೂ ತಾವೇ ನಾಲಗೆಯಾಗುವುದು ಅವರ ಚಾಳಿ. ಪಕ್ಕದಲ್ಲಿ ಕೂತವರಿಗೆ ಚಹಾ ಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳುತ್ತಾರೆ. ಕೊಣ್ಣೂರಿನವರ ಡಬ್ಬಿಯನ್ನು ಹೀಗೆಯೇ, ನೀವು ನೋಡುವುದಿಲ್ಲವಲ್ಲ ಎಂದು ಮುಚ್ಚಿಸಿದ್ದರು. ಆಮೇಲೆ ಮಲಪ್ರಭೆ ಉಕ್ಕಿ ಅವರ ಸೇತುವೆ ಮುಳುಗಿದಾಗ, ಆ ಸಂಘದ ಹೆಸರಿಗೆ ಬಂದ ಪತ್ರವೆಲ್ಲ ರೋಣದ ಆಫೀಸಿನ ಟ್ರೇನಲ್ಲಿ ಪ್ರಿಂಟ್ ಆಗಿ ಬಿದ್ದಿತ್ತು. ಕೊಂಡೊಯ್ಯುವವರು ಇರಲಿಲ್ಲ.

ಆ ಸಲ ಆದದ್ದು ಹೀಗೆ. ಮೈಸೂರು ಕಡೆಯ ಒಂದು ಬಟ್ಟೆ ಮಳಿಗೆಯವರು ಚಿಗವ್ವ ಕಳಿಸಿದ ಒಂದು ಸೀರೆಯ ಫೋಟೊ ನೋಡಿ, ಓಣಿಯ ಎಲ್ಲರ ಸೀರೆಗಳನ್ನೂ ನೋಡಬೇಕು ಎಂದು ಬರೆದರು. ವಾಟ್ಸಾಪಿನಲ್ಲಿ ಬಣ್ಣ ಮಂಕಾಗುತ್ತದೆ, ಮೂಲ ಫೋಟೊಗಳನ್ನೇ ಮೇಲ್ ಮಾಡಿ ಎಂದರು. ಆ ಪತ್ರದ ಒಂದು ಪ್ರತಿ ಒಕ್ಕೂಟಕ್ಕೂ ಹೋಗಿತ್ತು. ಚಿಗವ್ವ ಓಣಿಯ ಹೆಂಗಸರಿಗೆಲ್ಲ ಹೇಳಿದಳು, ಅವರು ತಂತಮ್ಮ ಫೋನಿನಿಂದ ಫೋಟೊ ಕಳಿಸಿದರು. ಸಂಘದ ಕೋಣೆಯ ಕಂಪ್ಯೂಟರಿಗೆ ಮಾತ್ರ ಏನೂ ಬರಲಿಲ್ಲ. ಫೋಟೊಗಳೂ ಇಲ್ಲ, ಮಳಿಗೆಯ ಮುಂದಿನ ಮಾತೂ ಇಲ್ಲ.

ಚಿಗವ್ವ ಅಂಗಡಿಗೆ ಬಂದು, "ಮೇಲ್ ಇಳೀವಲ್ದು. ಅರ್ಧಕ್ಕ ಬಂದು ನಿಂದರತೈತಿ. ಮತ್ತ ಹಳೇವ ಬರ್ತಾವ. ಒಂದ ಪತ್ರ ನಾಕ ನಾಕ ಸಲ" ಅಂದಳು.

ಹೋಗಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಬಟನ್ ಒತ್ತಿದರೆ ಮೇಲುಗಳು ಒಂದೊಂದಾಗಿ ಇಳಿಯತೊಡಗುತ್ತವೆ, ಒಂದು ಕಡೆ ಪಟ್ಟಿ ನಿಂತುಬಿಡುತ್ತದೆ, ಆಮೇಲೆ ಸಂಪರ್ಕ ಕಡಿದಿದೆ ಎಂಬ ಸುದ್ದಿ. ಮತ್ತೆ ಒತ್ತಿದರೆ ಮೊದಲಿನಿಂದ. ಪಾಸ್‌ವರ್ಡ್ ಸರಿಯಿತ್ತು. ಲೈನು ನಿಧಾನವಿದ್ದರೂ ಜೀವಂತವಿತ್ತು. ವೈರಸ್ ಕಾಯುವ ತಂತ್ರಾಂಶ ಒಮ್ಮೊಮ್ಮೆ ಪೊಲೀಸನ ಹಾಗೆ ಎಲ್ಲರನ್ನೂ ತಡೆದು ನಿಲ್ಲಿಸುತ್ತದೆ. ಅದನ್ನು ಸ್ವಲ್ಪ ಹೊತ್ತು ಮಲಗಿಸಿ ನೋಡಿದೆ. ಸರ್ವರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕವನ್ನು ಹಿಗ್ಗಿಸಿದೆ. ನಡುವೆ ಕರೆಂಟು ಹೋಯಿತು. ನಮ್ಮ ಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲಿಡೀ ತಿರುಗುತ್ತವೆ, ಆ ಕರೆಂಟು ಯಾರ ಮನೆಗೆ ಹೋಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಬಂದ ಮೇಲೆ ಮತ್ತೆ ಒತ್ತಿದೆ. ಪಟ್ಟಿ ಅದೇ ಜಾಗದಲ್ಲಿ ನಿಂತಿತು.

ಅದೇ ಜಾಗದಲ್ಲಿ ನಿಲ್ಲುತ್ತದೆ ಎಂಬುದೇ ನನಗೆ ಬೇಕಿದ್ದ ಸುಳಿವು. ಲೈನಿನ ದೋಷವಾದರೆ ಎಲ್ಲೆಂದರಲ್ಲಿ ಕಡಿಯಬೇಕು. ಮೇಲ್ ಇಳಿಯುವುದೆಂದರೆ ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಬಾಗಿಲು ದಾಟಿದ ಹಾಗೆ. ಒಬ್ಬ ದಪ್ಪನೆಯವನು ಚೌಕಟ್ಟಿನಲ್ಲಿ ಸಿಕ್ಕಿಕೊಂಡರೆ ಹಿಂದಿನವರು ಎಷ್ಟೇ ಸಣಕಲಿದ್ದರೂ ಒಳಗೆ ಬರಲಾರರು. ಅದಲ್ಲದೆ ನಮ್ಮ ಕಂಪ್ಯೂಟರು ಕೆಲಸ ಮುಗಿಸಿ, ಹೋಗಿ ಬರುತ್ತೇನೆ ಎಂದು ಹೇಳಿ ಹೊರಡುವ ತನಕ ಸರ್ವರ್ ಯಾವ ಮೇಲನ್ನೂ ಕೊಟ್ಟಾಯಿತು ಎಂದು ಒಪ್ಪುವುದಿಲ್ಲ. ನಡುವೆ ಸಂಪರ್ಕ ಕಡಿದರೆ ಎಲ್ಲ ಮೊದಲಿನಿಂದ. ಹಳೆಯ ಪತ್ರ ನಾಲ್ಕು ನಾಲ್ಕು ಸಲ ಬರುತ್ತಿದ್ದದ್ದು ಅದಕ್ಕೇ.

ಸಿಕ್ಕಿಕೊಂಡದ್ದು ಯಾವುದೆಂದು ತಿಳಿಯಲು ಸರ್ವರನ್ನೇ ನೋಡಬೇಕಿತ್ತು. ಹೊರಗಿನಿಂದ ಅದರೊಳಗೆ ಕೈಹಾಕಲು ಒಕ್ಕೂಟ ಬಿಟ್ಟಿರಲಿಲ್ಲ. ಮರುದಿನ ರೋಣಕ್ಕೆ ಹೋಗುವುದೆಂದು ಎದ್ದೆ. ಅಷ್ಟರಲ್ಲಿ ಚಿಗವ್ವನ ಫೋನು ಬಡಿದುಕೊಂಡಿತು. ಕಾರ್ಯದರ್ಶಿಗಳು.

"ನಿಮಗ ಮೇಲ್ ತಗೀಲಿಕ್ಕೆ ಬರವಲ್ದಂತಲ್ರಿ. ಹೋಗ್ಲಿ ಬಿಡ್ರಿ. ನಾಳೆ ಆ ಡಬ್ಬಿ ಅಳಿಸಿ, ಮೊದಲಿನಂಗ ನಮ್ಮ ಆಫೀಸಿಗೇ ಬರೂ ಹಂಗ ಮಾಡಸ್ತೀನಿ. ನಿಮಗ್ಯಾಕ ತ್ರಾಸು."

ಚಿಗವ್ವ ಫೋನು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಡಬ್ಬಿ ಹೋತಂದ್ರ ನಾವು ಮತ್ತ ಮೂಕರಾಗ್ತೀವಿ. ನೀ ನಾಳೆ ಅವರಕಿಂತ ಮೊದಲ ಹೋಗು" ಅಂದಳು.

ನಾನು ಮೊದಲ ಬಸ್ಸಿಗೇ ಹೋದೆ. ಎರಡೂ ಕಡೆ ಎರೆಭೂಮಿ, ಹಿಂದಿನ ಸೀಟಿನಲ್ಲಿ ಮೆಣಸಿನಕಾಯಿ ಚೀಲ, ಬಸ್ಸಿಡೀ ಸೀನು. ದಾರಿಯುದ್ದಕ್ಕೂ ಕಾಕಾರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತ ಕೂತಿದ್ದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಕಾಕಾ ಬಂದಾಗಿತ್ತು. ಸರ್ವರ್ ಇರುವುದು ಒಂದು ಕಬ್ಬಿಣದ ಕಪಾಟಿನಲ್ಲಿ. ಅಮಾವಾಸ್ಯೆಗೊಮ್ಮೆ ಅದಕ್ಕೂ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಾರೆ, ಬೂದಿಯೆಲ್ಲ ಅದರ ಫ್ಯಾನಿನೊಳಗೆ ಹೋಗುತ್ತದೆ. ಕಾಕಾ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು, ಪಟ್ಟಣದ ಒಬ್ಬ ತಂತ್ರಜ್ಞನನ್ನು ಫೋನಿನ ಸ್ಪೀಕರಿನಲ್ಲಿ ಹಿಡಿದಿದ್ದರು.

"ಬಾ ಮಗಳ, ಚಲೋ ಹೊತ್ತಿಗೆ ಬಂದಿ. ಇವರು ಹೇಳ್ತಾರ, ನೀ ಒತ್ತು" ಅಂದರು.

ಫೋನಿನವನು ಹೇಳಿದ, "ಮೇಡಂ, ತುಂಬಾ ಸಿಂಪಲ್. ಆ ಮೇಲ್‌ಬಾಕ್ಸ್ ಡಿಲೀಟ್ ಮಾಡಿ. ಬೇಕಾದ್ರೆ ಹೊಸದು ಮಾಡ್ಕೊಳ್ಳಿ. ಹಳ್ಳಿ ಕಡೆ ಬಳಸೋದು ಗೊತ್ತಿಲ್ದೆ ಹೀಗೆ ಆಗ್ತಿರತ್ತೆ."

"ಒಳಗ ಏನೈತಿ ನೋಡೀರೇನ್ರಿ?" ಎಂದೆ.

"ನೋಡೋ ಅವಶ್ಯಕತೆ ಇಲ್ಲ ಮೇಡಂ."

"ನಮಗೈತಿ" ಎಂದು ಫೋನು ಕಟ್ ಮಾಡಿದೆ. ಅದು ಕಾಕಾರ ಫೋನು. ಅವರು ಫೋನನ್ನೂ ನನ್ನನ್ನೂ ನೋಡಿದರು.

"ಅಳಸಂಗಿಲ್ರಿ ಕಾಕಾ."

"ತಗೀಲಿಕ್ಕೆ ಬರದವರಿಗೆ ಡಬ್ಬಿ ಯಾಕ ಬೇಕ? ಪ್ರಿಂಟ್ ತಗಸಿ ಕಳಸ್ತೀನಿ ಅಂದೀನಲ್ಲ."

"ಕೀಲಿ ಜಾಮ್ ಆತಂತ ಮನಿ ಕೆಡವತೀರೇನ್ರಿ? ನನಗ ನೋಡ್ಲಿಕ್ಕೆ ಬಿಡ್ರಿ. ನನ್ನ ಕೈಲೆ ಆಗಲಿಲ್ಲಂದ್ರ ಆಮ್ಯಾಲ ಮಾತಾಡೋಣು."

ಅವರು ಏಳಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ಕುರ್ಚಿ ತಂದು ಅವರ ಪಕ್ಕದಲ್ಲೇ ಹಾಕಿಕೊಂಡೆ. ಚಿಗವ್ವ ಅವತ್ತು ಎಳೆದುಕೊಂಡು ಕೂತಿದ್ದ ಕುರ್ಚಿಯೇ ಇರಬೇಕು, ಒಂದು ಕಾಲು ಅಲ್ಲಾಡುತ್ತಿತ್ತು.

ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಚಿಗವ್ವನ ಕಂಪ್ಯೂಟರ್ ಬಂದು ಕೇಳಿದ್ದು, ತಾನು ಕೊಡತೊಡಗಿದ್ದು, ನಡುವೆ ಕಡಿದದ್ದು, ಎಲ್ಲ ಅಲ್ಲಿತ್ತು. ಪ್ರತಿ ಸಲವೂ ಒಂದೇ ಮೇಲ್ ಹತ್ತಿರ ಬಂದು ಕಡಿದಿತ್ತು. ಕಪ್ಪು ಪರದೆ ತೆರೆದು ಡಬ್ಬಿಯಲ್ಲಿ ಏನೇನಿದೆ, ಯಾವುದು ಎಷ್ಟು ದೊಡ್ಡದಿದೆ ಎಂದು ಕೇಳಿದೆ. ಎಲ್ಲವೂ ಸಣ್ಣಪುಟ್ಟವು. ಒಂದು ಮಾತ್ರ ಉಳಿದವನ್ನೆಲ್ಲ ಸೇರಿಸಿದರೂ ಸಮವಾಗದಷ್ಟು ದೊಡ್ಡದು. ಆ ಹಳೆಯ ಸರ್ವರಿನಲ್ಲಿ ಒಂದು ಮೇಲ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯನ್ನೇ ಯಾರೂ ಹಾಕಿರಲಿಲ್ಲ. ಹೆಂಗಸರ ಫೋನಿನ ಲೈನು ಜೋರು, ಅಲ್ಲಿಂದ ಹೊರಟದ್ದು ಸಲೀಸಾಗಿ ಬಂದು ಕೂತಿತ್ತು. ಸಂಘದ ಕೋಣೆಯ ಮುದಿ ಲೈನಿಗೆ ಅದನ್ನು ಎಳೆದುಕೊಳ್ಳುವ ಶಕ್ತಿ ಇರಲಿಲ್ಲ.

ಆ ಮೇಲ್ ತೆರೆದು ನೋಡಿ ನನಗೆ ನಗು ಬಂತು. ಅದು ಒಬ್ಬರ ಮೇಲ್ ಅಲ್ಲ, ಇಡೀ ಓಣಿಯದು.

ನೇಕಾರರ ಒಂದು ಪದ್ಧತಿ ಹೇಳಬೇಕು. ಮಗ್ಗದ ಮೇಲಿನ ಉದ್ದೆಳೆಗಳಿಗೆ ಹಾಸು ಅನ್ನುತ್ತಾರೆ. ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆದು ಮಗ್ಗ ಬೋಳು ಮಾಡುವುದಿಲ್ಲ. ಹಳೆಯ ಹಾಸಿನ ತುದಿಗೆ ಹೊಸದರ ಒಂದೊಂದೇ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಓಣಿಯ ಹೆಂಗಸರು ಆ ಕೆಲಸಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಹಿಡಿಯುತ್ತಾಳೆ. ಮೇಲನ್ನೂ ಹಾಗೆಯೇ ಮಾಡಿದ್ದರು. ಮೊದಲನೆಯ ಮನೆಯವಳು ತನ್ನ ಸೀರೆಯ ಫೋಟೊಗಳನ್ನು ಪಕ್ಕದ ಮನೆಯವಳಿಗೆ ಕಳಿಸಿದ್ದಳು. ಅವಳು ಅದರ ಕೆಳಗೆ ತನ್ನವನ್ನು ಸೇರಿಸಿ ಮುಂದಿನವಳಿಗೆ. ಹೀಗೆ ಮನೆಯಿಂದ ಮನೆಗೆ ದಪ್ಪಗಾಗುತ್ತ, ಓಣಿ ಮುಗಿದ ಮೇಲೆ ಅದು ಸಂಘದ ಡಬ್ಬಿಗೆ ಬಂದಿತ್ತು. ಒಬ್ಬೊಬ್ಬಳೂ ತನ್ನ ಫೋಟೊಗಳ ಮೇಲೆ ಒಂದು ಮಾತು ಬರೆದಿದ್ದಳು. "ಇದು ನಂದು. ಅಂಚು ಸ್ವಲ್ಪ ಸೊಟ್ಟ ಕಾಣತೈತಿ, ಅದು ಫೋಟೊದ ತಪ್ಪು, ನಂದಲ್ಲ." ಇನ್ನೊಬ್ಬಳು, "ಮ್ಯಾಲಿನಾಕಿ ಅಂಚು ಖರೇನ ಸೊಟ್ಟ ಐತಿ."

ಕಾಕಾ ಪರದೆಯೊಳಗೆ ಬಗ್ಗಿ, "ನೋಡ್ದ್ಯಾ? ಇದಕ್ಕ ಹೇಳಿದ್ದು. ಇವರಿಗೆ ತಿಳಿಯಂಗಿಲ್ಲ" ಅಂದರು.

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ಜನ ಹೆಂಗಸರು, ಒಂದು ಫೋಟೊ ಕಳೆಯದ ಹಾಗೆ, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿ ತಂದು ಮುಟ್ಟಿಸಿದ್ದನ್ನು ಇವರು ತಿಳಿಗೇಡಿತನ ಅನ್ನುತ್ತಾರೆ. ಒಕ್ಕೂಟದ ಆಫೀಸಿನಲ್ಲಿ ಒಂದು ಸಹಿ ಈ ಮೇಜಿನಿಂದ ಆ ಮೇಜಿಗೆ ಹೋಗುವಷ್ಟರಲ್ಲಿ ಕಾಗದವೇ ಕಾಣೆಯಾಗುವುದನ್ನು ನಾನು ಕಂಡಿದ್ದೇನೆ. ಅದನ್ನು ಕಾಕಾರಿಗೆ ಹೇಳಿಯೂ ಬಿಟ್ಟೆ. ಅವರು ಮುಖ ಸಿಂಡರಿಸಿದರು. ಸಿಂಡರಿಸಲಿ.

ಆ ಮೇಲನ್ನು ನಾನು ಅಳಿಸಲಿಲ್ಲ. ಸಾಲಿನಿಂದ ಎತ್ತಿ ಸರ್ವರಿನಲ್ಲೇ ಪಕ್ಕದ ಒಂದು ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟೆ. ಆಮೇಲೆ ಚಿಗವ್ವನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, "ಈಗ ಒತ್ತು" ಎಂದೆ.

ಕಾಕಾ ಕಪಾಟಿನ ಕಡೆ ನೋಡುತ್ತ ಕೂತರು.

"ಬಂದುವು" ಅಂದಳು ಚಿಗವ್ವ. "ನಿಂದರವಲ್ವು. ಒಂದರ ಹಿಂದ ಒಂದು ಬರಾಕ ಹತ್ತ್ಯಾವ. ತಡಿ, ಮಳಿಗಿ ಅವರದೂ ಐತಿ. ಓದ್ತೀನಿ."

ಓದಿದಳು. ಅವಳು ಓದುವುದು ನಿಧಾನ, ಒಂದೊಂದು ಪದವನ್ನೂ ಬಿಡಿಸಿ ಇಡುತ್ತಾಳೆ. ಮಳಿಗೆಯವರು ಬರೆದದ್ದು ಇಷ್ಟು: ನಿಮ್ಮ ಸೀರೆ ನಮಗೆ ಬೇಕು. ಆದರೆ ಈ ಹೆಂಗಸರಿಂದ ಹೊತ್ತಿಗೆ ಸರಿಯಾಗಿ ನೇಯುವುದು ಆಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದು ನಿಮ್ಮ ಒಕ್ಕೂಟದವರು ನಮಗೆ ಬರೆದಿದ್ದಾರೆ. ಇದು ನಿಮ್ಮ ಮಾತೇ? ಈ ವಾರ ಮುಗಿಯುವುದರೊಳಗೆ ನಿಮ್ಮ ಡಬ್ಬಿಯಿಂದಲೇ ಉತ್ತರ ಬರಲಿ. ಬಾರದಿದ್ದರೆ ಅದೇ ನಿಮ್ಮ ಮಾತು ಎಂದುಕೊಳ್ಳುತ್ತೇವೆ.

ವಾರದ ಕೊನೆ ಎಂದರೆ ಅವತ್ತೇ. ಆ ಡಬ್ಬಿ ಅಳಿಸಿದ್ದರೆ ಈ ಪ್ರಶ್ನೆಯೂ ಅದರ ಜೊತೆಗೇ ಹೋಗುತ್ತಿತ್ತು.

ನಾನು ಕಾಕಾರನ್ನು ನೋಡಿದೆ. ನನ್ನ ಅಪ್ಪನ ಗೆಳೆಯ, ಸಣ್ಣವಳಿದ್ದಾಗ ನನಗೆ ಫುಟಾಣಿ ಕೊಡಿಸಿದವರು. ನನಗೆ ಆ ಹೊತ್ತಿನಲ್ಲಿ ಅವರ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದದ್ದು ನೆನಪಿಲ್ಲ.

"ನಿಮ್ಮ ಚಲೋಕ್ಕ ಅಂತನ ಬರದಿದ್ದೆ. ಹೊತ್ತಿಗೆ ಆಗಲಿಲ್ಲಂದ್ರ ಎಲ್ಲಾ ಸಂಘದ ಹೆಸರು ಕೆಡತೈತಿ" ಅಂದರು, ಫೋನಿಗೆ ಕೇಳುವ ಹಾಗೆ.

"ಅಲ್ಲೇ ಅದೀರೇನ್ರಿ? ಚಲೋ ಆತು" ಅಂದಳು ಚಿಗವ್ವ ಇಳಿದ ದನಿಯಲ್ಲಿ. "ಆಗತೈತೋ ಇಲ್ಲೋ, ಮಗ್ಗದಾಗ ಕುಂತಾಕಿ ನಾನು. ನನಗ ಕೇಳಬೇಕಿತ್ರಿ."

ಆಮೇಲೆ ಫೋನಿನಿಂದ ಕೀಲಿಮಣೆಯ ಸದ್ದು ಮಾತ್ರ ಬಂತು, ಒಂದೊಂದೇ ಅಕ್ಷರ, ನಡುವೆ ಉದ್ದುದ್ದ ವಿರಾಮ. ಚಹಾದವನು ಬಂದ. ಕಾಕಾ ಎಂದಿನ ಅಭ್ಯಾಸದಲ್ಲಿ "ಆಕಿಗೆ ಬ್ಯಾಡ" ಎನ್ನಲು ಬಾಯಿ ತೆರೆದವರು ನನ್ನ ಕಡೆ ತಿರುಗಿ, "ಕುಡೀತಿ?" ಎಂದು ಕೇಳಿದರು. ಕುಡಿಯುತ್ತೇನೆ ಎಂದೆ.

ಲೋಟ ಖಾಲಿಯಾಗುವಷ್ಟರಲ್ಲಿ ಕಾಕಾರ ಫೋನು ಟಿಣ್ ಎಂದಿತು. ಚಿಗವ್ವ ಮಳಿಗೆಗೆ ಬರೆದ ಉತ್ತರದ ಪ್ರತಿಯನ್ನು ಅವರಿಗೂ ಕಳಿಸಿದ್ದಳು. ಅವರು ಓದಿ ಫೋನನ್ನು ನನ್ನ ಮುಂದೆ ಇಟ್ಟರು.

"ಅದು ನಮ್ಮ ಮಾತಲ್ಲ. ನಾವು ನೇಯುತ್ತೇವೆ. ಹೊತ್ತಿಗೆ ಕೊಡುತ್ತೇವೆ. ನಮ್ಮ ಪರವಾಗಿ ಉತ್ತರ ಬರೆಯಲು ನಾವು ಯಾರಿಗೂ ಹೇಳಿಲ್ಲ. ಫೋಟೊ ಹಿಂದಿನಿಂದ ಬರುತ್ತವೆ."

ಕಾಕಾ ಕುರ್ಚಿ ಹಿಂದೆ ಸರಿಸಿ ಎದ್ದರು. ಡಬ್ಬಿಯ ಮಾತು ಮತ್ತೆ ಎತ್ತಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ. ಎತ್ತಿಟ್ಟಿದ್ದ ಫೋಟೊಗಳನ್ನು ಚಿಗವ್ವನನ್ನು ಕೇಳಿಕೊಂಡು, ಅವಳ ಡಬ್ಬಿಯಿಂದಲೇ ಮಳಿಗೆಗೆ ಕಳಿಸಿದೆ. ಹೊರಡುವ ಮೊದಲು ನಾನು ಕೊಣ್ಣೂರಿನವರ ಮುಚ್ಚಿದ ಡಬ್ಬಿಯನ್ನೂ ತೆರೆದು ಬಂದೆ. ಕಾಕಾರನ್ನು ಕೇಳಲಿಲ್ಲ. ಮುಚ್ಚುವಾಗ ಅವರೂ ಯಾರನ್ನೂ ಕೇಳಿರಲಿಲ್ಲ.

ಊರಿಗೆ ಬಂದು ಚಿಗವ್ವನಿಗೆ ನಡೆದದ್ದನ್ನು ವಿವರಿಸಿ, ಇನ್ನು ಮೇಲೆ ಹೀಗೆ ಒಂದಕ್ಕೊಂದು ಅಂಟಿಸಬೇಡಿ, ಒಬ್ಬೊಬ್ಬರೂ ಬೇರೆ ಬೇರೆ ಹೊಸ ಮೇಲ್ ಮಾಡಿ ಎಂದೆ. ಅವಳು ಒಪ್ಪಲಿಲ್ಲ.

"ಹಂಗ ಬಿಡಿಬಿಡಿ ಕಳಸಿದ್ರ ಯಾರದು ಬಂತು ಯಾರದು ಬಿಟ್ಟುಹೋತು ಹ್ಯಾಂಗ ತಿಳೀಬೇಕು? ಒಬ್ಬಾಕಿದು ನೋಡಿ ಒಬ್ಬಾಕಿ ಹಚ್ಚಿದ್ರ ಯಾರೂ ಬಿಟ್ಟುಹೋಗಂಗಿಲ್ಲ."

"ಸೀರಿ ನೇಯ್ದ ಮ್ಯಾಲ ಮಗ್ಗದ ಮ್ಯಾಲ ಇಟಗೊಂಡ ಕೂಡತೀಯೇನು? ಕತ್ತರಿಸಿ ತಗೀತಿ. ಗೇಣು ಹಾಸು ಬಿಟ್ಟು ಅದಕ್ಕ ಕೆಚ್ಚತಿ. ಇಲ್ಲೂ ಹಂಗ ಮಾಡ್ರಿ. ಬರದ ಮಾತು ಅದರಾಗ ಇರ್ಲಿ, ಫೋಟೊ ಅಷ್ಟ ತಗದು ನೆಟ್ಟಗ ಡಬ್ಬಿಗೆ ಕಳಸ್ರಿ."

ಚಿಗವ್ವ ಯೋಚಿಸಿದಳು. "ಇದನ್ನ ಮೊದಲ ಹೇಳಬೇಕಿಲ್ಲೋ. ರೋಣದ ಮಟಾ ಹೋಗಿ ಬಂದು ಹೇಳ್ತಿ" ಅಂದಳು. ಈಗಲೂ ಓಣಿಯಲ್ಲಿ ಒಂದು ಮೇಲ್ ಮನೆಯಿಂದ ಮನೆಗೆ ಹೋಗುತ್ತದೆ. ಅದರಲ್ಲಿ ಬರಿಯ ಮಾತು, ಮತ್ತು ಯಾರ ಅಂಚು ಸೊಟ್ಟ ಎಂಬ ಜಗಳ.

ಕೊನೆಗೆ ಒಂದು ಕೆಲಸ ಉಳಿದಿತ್ತು. ಆ ಡಬ್ಬಿಗೆ ಮೊದಲಿನಿಂದ ಇದ್ದ ಪಾಸ್‌ವರ್ಡ್ ಒಕ್ಕೂಟದ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಬದಲಿಸೋಣ ಎಂದು ಪರದೆ ತೆರೆದುಕೊಟ್ಟು, ಯಾವುದು ಇಡಲಿ ಎಂದು ಕೇಳಿದೆ. ಚಿಗವ್ವ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀ ಆ ಕಡಿ ಹೊಳ್ಳು."

"ಡಬ್ಬಿ ಮಾಡಿಕೊಟ್ಟಾಕಿ ನಾನು. ಇವತ್ತ ಉಳಿಸಿಕೊಂಡು ಬಂದಾಕಿನೂ ನಾನು."

"ಹೌದವ್ವಾ, ಉಂಡು ಹೋಗು. ಮೊದಲ ಹೊಳ್ಳು."

ನನಗೆ ಒಂದು ಕ್ಷಣ ಖರೇನೇ ಕೆಟ್ಟೆನಿಸಿತು. ಸರ್ವರಿನ ಕೀಲಿಕೈ ನನ್ನ ಹತ್ತಿರವೇ ಇದೆ, ರೋಣಕ್ಕೆ ಹೋದರೆ ಯಾರ ಡಬ್ಬಿಯನ್ನಾದರೂ ತೆರೆಯಬಲ್ಲೆ. ಅದು ಅವಳಿಗೂ ಗೊತ್ತು. ಆದರೂ ಅವಳು ಕಾಯುತ್ತಿದ್ದಳು, ಬೆರಳು ಮೇಲೆತ್ತಿ, ನನ್ನ ಮುಖ ನೋಡುತ್ತ. ಕಾಕಾರಿಗೆ ನಾನು ಬೆಳಗಿನಿಂದ ಹೇಳಿಬಂದದ್ದು ಇದನ್ನೇ ಅಲ್ಲವೇ ಎಂದುಕೊಂಡು ಗೋಡೆಯ ಕಡೆ ಹೊರಳಿದೆ. ಬೆನ್ನ ಹಿಂದೆ ಒಂದು ಕೀಲಿ ಒತ್ತಿದ ಸದ್ದು. ಬಹಳ ಹೊತ್ತಿನ ಮೇಲೆ ಇನ್ನೊಂದು.

"ಆತೇನು?" ಎಂದು ಕೇಳಿದೆ.

"ಆದಾಗ ನಾನ ಹೇಳ್ತೀನಿ" ಅಂದಳು ಚಿಗವ್ವ.